ಬೆರಳು ತೋರಿಸಿದರೆ ಹೀಚು ಉದುರುವುದೇ?



ನಿಮ್ಮ ಮನೆಯ ಹಿತ್ತಲಲ್ಲಿ ಕುಂಬಳದ ಬಳ್ಳಿ ಇದ್ದರೆ ಒಂದು ಮಾತನ್ನು ನೀವು ಕೇಳಿಯೇ ಇರುತ್ತೀರಿ: "ಹೀಚಿಗೆ ಬೆರಳು ತೋರಿಸಬೇಡ, ಉದುರಿಹೋಗುತ್ತದೆ." ನಮ್ಮ ಮನೆಯಲ್ಲೂ ಈ ಮಾತಿತ್ತು. ಒಂದು ಮಳೆಗಾಲದಲ್ಲಿ ನಮ್ಮ ಸಿಹಿಕುಂಬಳದ ಬಳ್ಳಿ ಬೇಲಿಯನ್ನು ದಾಟಿ ಕೊಟ್ಟಿಗೆಯ ಮಾಡಿಗೆ ಹತ್ತಿತು. ಮೈತುಂಬ ಹಳದಿ ಹೂವು. ಆದರೆ ನಿಂಬೆಹಣ್ಣಿನ ಗಾತ್ರದ ಹೀಚುಗಳು ಒಂದೊಂದಾಗಿ ಹಳದಿಗಟ್ಟಿ ಉದುರತೊಡಗಿದವು. ದಿನವೂ ಅವನ್ನು ಎಣಿಸುತ್ತಿದ್ದವಳು ನನ್ನ ತಂಗಿ. ಅವಳು ಬೆರಳು ಮಾಡಿ ಎಣಿಸಿದ್ದರಿಂದಲೇ ಹೀಗಾಯಿತೆಂದು ಅಜ್ಜಿ ಗದರಿದರು. ಆಮೇಲೆ ಆ ಹುಡುಗಿ ಬಳ್ಳಿಯ ಹತ್ತಿರ ಸುಳಿಯಲಿಲ್ಲ.

ನಾನಾಗ ಎಂಟನೆಯ ತರಗತಿಯಲ್ಲಿದ್ದೆ. ಹೂವಿನ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಪೂರ್ತಿ ಅಂಕ ಪಡೆದಿದ್ದೆ. ಆದರೂ ತಂಗಿಯ ಪರವಾಗಿ ಒಂದು ಮಾತು ಹೇಳಲು ನನಗೆ ತಿಳಿಯಲಿಲ್ಲ. ಪುಸ್ತಕದ ಹೂವಿಗೂ ಹಿತ್ತಲ ಹೂವಿಗೂ ಸಂಬಂಧವಿದೆಯೆಂದು ಹೊಳೆದೇ ಇರಲಿಲ್ಲ. ಆ ಸಂಬಂಧವನ್ನು ಕುರಿತು ಇಂದು ಮಾತನಾಡೋಣ.

ಮೊದಲು ಒಂದು ದಾಸವಾಳವನ್ನು ಕೈಗೆ ತೆಗೆದುಕೊಳ್ಳಿ. ಐದು ದಳಗಳ ಸಾಧಾರಣ ಕೆಂಪು ದಾಸವಾಳ ಸಾಕು. ಬುಡದಲ್ಲಿರುವ ಹಸಿರು ಬಟ್ಟಲು ಪುಷ್ಪಪತ್ರಗಳಿಂದಾದದ್ದು. ಮೊಗ್ಗಾಗಿದ್ದಾಗ ಹೂವನ್ನು ಕಾಪಾಡಿದ್ದು ಅದೇ. ಅದರೊಳಗಿನ ಕೆಂಪು ಎಸಳುಗಳು ಪುಷ್ಪದಳಗಳು. ನಡುವೆ ಉದ್ದನೆಯ ಕೋಲೊಂದು ಹೊರಚಾಚಿದೆಯಲ್ಲವೇ? ಅದರ ಮೈಮೇಲೆ ಹಳದಿ ತಲೆಯ ಸಣ್ಣ ಎಳೆಗಳಿವೆ. ಇವು ಕೇಸರಗಳು, ಹೂವಿನ ಗಂಡು ಭಾಗ. ಆ ಹಳದಿ ತಲೆಯೇ ಪರಾಗಕೋಶ. ಬೆರಳಿಗೆ ಅಂಟುವ ಪುಡಿಯೇ ಪರಾಗ. ಕೋಲಿನ ತುತ್ತತುದಿಯಲ್ಲಿರುವ ಐದು ಕೆಂಪು ಗುಂಡುಗಳು ಶಲಾಕಾಗ್ರಗಳು. ಕೋಲಿನ ಒಳಗೆ ಸಾಗುವ ಶಲಾಕನಳಿಕೆ ಬುಡದ ಅಂಡಾಶಯವನ್ನು ಸೇರುತ್ತದೆ. ಇವೆಲ್ಲ ಕೂಡಿ ಹೆಣ್ಣು ಭಾಗ. ಬ್ಲೇಡಿನಿಂದ ಜೋಪಾನವಾಗಿ ಅಂಡಾಶಯವನ್ನು ಸೀಳಿದರೆ ಬಿಳಿಯ ಚಿಕ್ಕ ಅಂಡಕಗಳು ಕಾಣುತ್ತವೆ.

ದಾಸವಾಳದಲ್ಲಿ ಗಂಡು, ಹೆಣ್ಣು ಎರಡೂ ಭಾಗಗಳು ಒಂದೇ ಹೂವಿನಲ್ಲಿವೆ. ಇದು ದ್ವಿಲಿಂಗಿ ಹೂವು. ಕುಂಬಳದಲ್ಲಿ ಹಾಗಿಲ್ಲ. ಒಂದೇ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಉದ್ದನೆಯ ಸಪೂರ ತೊಟ್ಟಿನ ಮೇಲೆ ನಿಂತದ್ದು ಗಂಡು. ಸಾಮಾನ್ಯವಾಗಿ ಮೊದಲು ಅರಳುವುದೂ ಅದೇ. ದಳಗಳ ಕೆಳಗೆ ಪುಟ್ಟ ಕುಂಬಳವನ್ನೇ ಹೊತ್ತು ಬರುವುದು ಹೆಣ್ಣು. ಆ ಪುಟ್ಟ ಕುಂಬಳವೇ ಅಂಡಾಶಯ.

ಈಗ ನಮ್ಮ ಹೀಚಿನ ವಿಚಾರಕ್ಕೆ ಬರೋಣ. ಹೆಣ್ಣು ಹೂವಿನಲ್ಲಿ ಅರಳುವ ಮೊದಲೇ ಕಾಯಿಯ ಆಕಾರ ಇರುವುದರಿಂದ, ಕಾಯಿ ಕಚ್ಚಿತೆಂದು ನಾವು ಸಂತೋಷಪಡುತ್ತೇವೆ. ನಿಜವಾಗಿ ಅದಿನ್ನೂ ಕಾಯಿಯಲ್ಲ. ಗಂಡು ಹೂವಿನ ಪರಾಗ ಹೆಣ್ಣು ಹೂವಿನ ಶಲಾಕಾಗ್ರವನ್ನು ಮುಟ್ಟಬೇಕು. ಇದೇ ಪರಾಗಸ್ಪರ್ಶ. ಅಲ್ಲಿ ಪರಾಗದ ಕಣದಿಂದ ನವಿರಾದ ನಾಳವೊಂದು ಬೆಳೆದು, ಕೆಳಗಿಳಿದು ಅಂಡಕವನ್ನು ಸೇರಬೇಕು. ಆಗ ಅಂಡಕ ಬೀಜವಾಗುತ್ತದೆ, ಅಂಡಾಶಯ ಕಾಯಾಗುತ್ತದೆ. ಒಂದು ಬೀಜಕ್ಕೆ ಒಂದು ಪರಾಗಕಣ ಬೇಕು. ಮುಂದಿನ ಸಲ ಮನೆಯಲ್ಲಿ ಕುಂಬಳ ಹೆಚ್ಚುವಾಗ ಗಟ್ಟಿ ಬೀಜಗಳನ್ನು ಎಣಿಸಿ ನೋಡಿ. ಮುನ್ನೂರು ಬೀಜಗಳಿದ್ದರೆ, ಕಡಿಮೆಯೆಂದರೂ ಮುನ್ನೂರು ಕಣಗಳು ಆ ಹೂವನ್ನು ತಲುಪಿದ್ದವು ಎಂದು ಲೆಕ್ಕ.

ಕುಂಬಳದ ಪರಾಗ ದಪ್ಪ, ಅಂಟು, ಗಾಳಿಯಲ್ಲಿ ತೇಲಿಹೋಗುವಂಥದಲ್ಲ. ಅದನ್ನು ಹೊತ್ತು ತರುವವು ಜೇನುನೊಣಗಳಂಥ ಕೀಟಗಳೇ. ಹೂವು ನಸುಕಿನಲ್ಲಿ ಅರಳಿ, ಬಿಸಿಲೇರುವ ಹೊತ್ತಿಗೆ ಮುದುಡುತ್ತದೆ. ಆ ಕೆಲವು ಗಂಟೆಗಳಲ್ಲಿ ಜೇನು ಬಾರದಿದ್ದರೆ, ಮಳೆ ಹಿಡಿದು ಕೀಟಗಳು ಹಾರದಿದ್ದರೆ, ಅಂಡಾಶಯ ಹಳದಿಗಟ್ಟಿ ಉದುರುತ್ತದೆ. ಹಣ್ಣುನೊಣ ಚುಚ್ಚಿದರೂ ಹೀಚು ಕೊಳೆಯುವುದುಂಟು. ಬೆರಳಿನಿಂದ ಮಾತ್ರ ಅಲ್ಲ.

ಹೂವನ್ನು ಬಿಡಿಸಿ ನೋಡಿ ಕಲಿತ ಒಬ್ಬ ಬಾಲಕನ ಕಥೆ ಹೇಳುತ್ತೇನೆ. ವೆನಿಲ್ಲಾ ಮೆಕ್ಸಿಕೋ ಕಡೆಯ ಆರ್ಕಿಡ್ ಬಳ್ಳಿ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಫ್ರೆಂಚರು ಅದನ್ನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ತಂದು ನೆಟ್ಟರು. ಬಳ್ಳಿ ಬೆಳೆಯಿತು, ಹೂವೂ ಬಿಟ್ಟಿತು, ಆದರೆ ಕಾಯಿ ಕಚ್ಚಲಿಲ್ಲ. ತವರಿನ ಕೀಟಗಳು ಅಲ್ಲಿರಲಿಲ್ಲ. ಅದರ ಹೂವಿನಲ್ಲಿ ಪರಾಗಕ್ಕೂ ಶಲಾಕಾಗ್ರಕ್ಕೂ ನಡುವೆ ತೆಳುವಾದ ಪರದೆಯೊಂದು ಅಡ್ಡವಿರುತ್ತದೆ. ಬೆಲ್ಜಿಯಂನ ಸಸ್ಯವಿಜ್ಞಾನಿ ಶಾರ್ಲ್ ಮೊರೆನ್ 1836ರಲ್ಲಿ ಕೃತಕ ಪರಾಗಸ್ಪರ್ಶದಿಂದ ಕಾಯಿ ಪಡೆದಿದ್ದರೂ, ತೋಟಗಾರರಿಗೆ ಒದಗುವ ಸುಲಭ ವಿಧಾನ ಸಿಕ್ಕಿರಲಿಲ್ಲ.

1841ರಲ್ಲಿ ಅದನ್ನು ಕಂಡುಕೊಂಡವನು ರಿಯೂನಿಯನ್ನಿನ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಹುಡುಗ. ಅವನು ಗುಲಾಮ. ಕಲ್ಲಂಗಡಿ ಜಾತಿಯ ಬಳ್ಳಿಯಲ್ಲಿ ಗಂಡು ಹೂವಿನ ಪರಾಗವನ್ನು ಹೆಣ್ಣಿಗೆ ಮುಟ್ಟಿಸುವುದನ್ನು ಅವನ ಯಜಮಾನ ತೋರಿಸಿಕೊಟ್ಟಿದ್ದನು. ಹುಡುಗ ವೆನಿಲ್ಲಾ ಹೂವಿನಲ್ಲೂ ಆ ಭಾಗಗಳನ್ನು ಹುಡುಕಿದ. ಸಣ್ಣ ಕಡ್ಡಿಯಿಂದ ಪರದೆಯನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಶಲಾಕಾಗ್ರಕ್ಕೆ ಒತ್ತಿದ. ಕಾಯಿ ಕಚ್ಚಿತು! ತೋಟದ ಒಡೆಯರು ಅದರಿಂದ ಶ್ರೀಮಂತರಾದರು. ಎಡ್ಮಂಡ್‌ಗೆ 1848ರಲ್ಲಿ ಗುಲಾಮಗಿರಿ ರದ್ದಾದಾಗ ಬಿಡುಗಡೆಯೂ ಆಲ್ಬಿಯಸ್ ಎಂಬ ಮನೆತನದ ಹೆಸರೂ ದೊರೆತವು, ಹಣ ದೊರೆಯಲಿಲ್ಲ. 1880ರಲ್ಲಿ ಬಡವನಾಗಿಯೇ ತೀರಿಕೊಂಡ. ಆದರೆ ಇಂದಿಗೂ ವೆನಿಲ್ಲಾ ತೋಟಗಳಲ್ಲಿ ನಡೆಯುವುದು ಅವನ ವಿಧಾನವೇ. ನಮ್ಮ ಮಲೆನಾಡಿನ, ಕರಾವಳಿಯ ವೆನಿಲ್ಲಾ ಬೆಳೆಗಾರರು ಬೆಳಗಿನ ಹೊತ್ತು ಕಡ್ಡಿ ಹಿಡಿದು ಹೂವಿನಿಂದ ಹೂವಿಗೆ ಹೋಗುವಾಗ ಮಾಡುವುದೂ ಅದನ್ನೇ.

ಹಾಗೆಂದು ಎಲ್ಲ ಹೂವುಗಳ ಕೆಲಸವನ್ನೂ ನಾವು ಕೈಯಿಂದ ಮಾಡಿ ಮುಗಿಸಲಾದೀತೇ? 1991-92ರ ಸುಮಾರಿಗೆ ದಕ್ಷಿಣ ಭಾರತದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಹರಡಿ ತುಡುವೆ ಜೇನಿನ ಬಹುಪಾಲು ಕುಟುಂಬಗಳು ನಾಶವಾದವು. ಪೆಟ್ಟಿಗೆಗಳು ಬರಿದಾದಾಗ ಜೇನು ಸಾಕುವವರಿಗೆ ತುಪ್ಪ ಹೋಯಿತು. ತೋಟಗಳಿಗೆ ಹೋದದ್ದು ಪರಾಗ ಹೊರುವ ಆಳು. ರೋಗವನ್ನು ತಡೆಯುವುದು ನಮ್ಮ ಕೈಯಲ್ಲಿ ಇಲ್ಲದಿರಬಹುದು. ಆದರೆ ಹೂವು ಅರಳಿ ಜೇನು ಹಾರುವ ಬೆಳಗಿನಲ್ಲಿ ಕೀಟನಾಶಕ ಸಿಂಪಡಿಸದಿರುವುದು ಖಂಡಿತ ನಮ್ಮ ಕೈಯಲ್ಲಿದೆ. ಮನೆಯಲ್ಲಿ ಬೇಸಾಯವಿದ್ದರೆ ಈ ಮಾತನ್ನು ಹಿರಿಯರಿಗೆ ಹೇಳಿ.

ಕೊನೆಯದಾಗಿ ಒಂದು ಪ್ರಯೋಗ. ನಾಳೆ ಅರಳಲಿರುವ ನಾಲ್ಕು ಹೆಣ್ಣು ಮೊಗ್ಗುಗಳಿಗೂ ಎರಡು ಗಂಡು ಮೊಗ್ಗುಗಳಿಗೂ ಇಂದು ಸಂಜೆಯೇ ಕಾಗದದ ಚೀಲ ಕಟ್ಟಿ. ಬೆಳಿಗ್ಗೆ ಗಂಡು ಹೂವನ್ನು ಕಿತ್ತು, ದಳಗಳನ್ನು ತೆಗೆದು, ಎರಡು ಹೆಣ್ಣು ಹೂವುಗಳ ಶಲಾಕಾಗ್ರಕ್ಕೆ ಮೃದುವಾಗಿ ಸವರಿ ಮತ್ತೆ ಚೀಲ ಕಟ್ಟಿ. ಉಳಿದೆರಡನ್ನು ಬಿಚ್ಚಲೇಬೇಡಿ. ಹೂವು ಬಾಡಿದ ಮೇಲೆ ಚೀಲಗಳನ್ನು ತೆಗೆಯಿರಿ. ಪರಾಗ ಮುಟ್ಟಿಸಿದ ಎರಡಕ್ಕೂ ದಿನವೂ ಬೆರಳು ತೋರಿಸಿ. ಮುಟ್ಟಿಸದ ಎರಡಕ್ಕೆ ಬೆರಳು ತೋರಿಸಲೇಬೇಡಿ. ವಾರ ಕಳೆಯಲಿ. ಯಾವುದು ಉಳಿಯಿತು, ಯಾವುದು ಉದುರಿತು ಎಂದು ಬರೆದಿಡಿ.

ಆ ವೇಳೆಗೆ ಮನೆಯ ಚಿಕ್ಕವರನ್ನೂ ಅಜ್ಜಿಯನ್ನೂ ಬಳ್ಳಿಯ ಬಳಿಗೆ ಕರೆಯಿರಿ. ಉಳಿದ ಕಾಯಿಗಳನ್ನು ಚಿಕ್ಕವರೇ ಬೆರಳು ಮಾಡಿ ಎಣಿಸಲಿ.