ಅಗೆಯುವುದಕ್ಕೆ ಮುನ್ನ ಗುರುತಿಸಿ
(ಕಮಲಾಪುರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪುರಾತತ್ವವೆಂದೊಡನೆ ಜನರಿಗೆ ನೆನಪಾಗುವುದು ಅಗೆತ ಮತ್ತು ನಿಧಿ. ಆದರೆ ಆ ವೃತ್ತಿಯ ದೊಡ್ಡ ಪಾಲು ಕಾಯುವ ಕೆಲಸ. ರಸ್ತೆ, ಗಣಿ, ಕಾಲುವೆಗಳಿಗಾಗಿ ಯಂತ್ರ ಬರುವುದಕ್ಕೆ ಮೊದಲೇ ನೆಲದ ಮೇಲೆ ನಡೆದು, ಇರುವುದನ್ನು ಅಳೆದು, ನಕ್ಷೆ ಬರೆದು, ಉಳಿಸತಕ್ಕದ್ದು ಯಾವುದೆಂದು ಹೇಳುವುದು ಅದರ ಹೊಣೆ. ಇದನ್ನು ಸಾಂಸ್ಕೃತಿಕ ಸಂಪನ್ಮೂಲ ನಿರ್ವಹಣೆ ಎನ್ನುತ್ತಾರೆ.

ಡಾ. ಎಂ. ಎಸ್. ನಾಗರಾಜರಾವ್ ಅವರ ವೃತ್ತಿಜೀವನ ಇದಕ್ಕೊಂದು ನಿದರ್ಶನ. 1960ರ ದಶಕದಲ್ಲಿ ಅವರು ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ಬಂಡೆಗುಡ್ಡಗಳಲ್ಲಿ ನವಶಿಲಾಯುಗದ ನೆಲೆಯನ್ನು ಅಗೆದರು. ಅಲ್ಲಿ ದುಂಡು ಗುಡಿಸಲುಗಳ ಕುರುಹುಗಳೂ ಹುರುಳಿ ಕಾಳೂ ದೊರೆತವು. ಇಂದಿಗೂ ಒಣಭೂಮಿಯ ರೈತ ಬಿತ್ತುವ ಹುರುಳಿಯ ಚರಿತ್ರೆ ಆ ಗುಡ್ಡದ ಮಣ್ಣಿನಲ್ಲಿತ್ತು. ತುಂಗಭದ್ರೆಯ ದಡದ ಹಳ್ಳೂರಿನಲ್ಲಿಯೂ ಅವರು ಉತ್ಖನನ ನಡೆಸಿದರು.

ಮುಂದೆ ಅವರು ರಾಜ್ಯದ ಪುರಾತತ್ವ ಇಲಾಖೆಯ ನಿರ್ದೇಶಕರಾದರು. ಆ ಅವಧಿಯಲ್ಲಿಯೇ ಹಂಪಿಯಲ್ಲಿ ವ್ಯಾಪಕ ಉತ್ಖನನ ನಡೆಯಿತು. 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಅವರ ತಂಡ ಇಲಾಖೆಯ ಸಹಯೋಗದಲ್ಲಿ ನೆಲದ ಮೇಲೆ ಕಾಣುವುದೆಲ್ಲವನ್ನೂ ದಾಖಲಿಸತೊಡಗಿತು. ಉತ್ಖನನ ಒಂದು ಬಾರಿಯ ಕೆಲಸ. ತೆಗೆದ ಪದರ ಮರಳಿ ಬಾರದು. ನಕ್ಷೆಯಾದರೋ ಮುಂದಿನ ತಲೆಮಾರಿಗೂ ಉಳಿಯುತ್ತದೆ. 1984ರಿಂದ 1987ರವರೆಗೆ ನಾಗರಾಜರಾವ್ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾಗಿದ್ದರು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇದರ ಬೆನ್ನಿಗೆ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥಲೀನ್ ಮಾರಿಸನ್ ಸುತ್ತಲಿನ ಹೊಲ, ಕಣಿವೆಗಳನ್ನು ಕಾಲ್ನಡಿಗೆಯಲ್ಲಿ ಸರ್ವೇಕ್ಷಿಸಿ ನೂರಾರು ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಕೆರೆಯ ಏರಿಗಳು, ತೂಬುಗಳು, ಹಳೆಯ ದಾರಿಗಳು ಇದ್ದವು. ರಾಜಧಾನಿಯನ್ನು ಸಾಕಿದ್ದು ಈ ನೆಲವೇ. ಕಮಲಾಪುರದ ಕೆರೆ, ತುರ್ತು ಕಾಲುವೆಗಳು ಇಂದಿಗೂ ಗದ್ದೆ, ತೋಟಗಳಿಗೆ ನೀರುಣಿಸುತ್ತಿವೆ. ಇವು ಸ್ಮಾರಕಗಳೂ ಹೌದು, ರೈತನ ಅನ್ನದ ದಾರಿಯೂ ಹೌದು.

ಮೊದಲೇ ಯೋಚಿಸದಿದ್ದರೆ ಏನಾಗುತ್ತದೆ ಎಂಬುದನ್ನೂ ಹಂಪಿಯೇ ಕಂಡಿದೆ. ಆನೆಗೊಂದಿಯ ಬಳಿ ಕೈಗೆತ್ತಿಕೊಂಡ ಸೇತುವೆಯಿಂದಾಗಿ 1999ರಲ್ಲಿ ಹಂಪಿ ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿತು. 2002ರಲ್ಲಿ ಹಂಪಿ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯಿದೆ ಬಂದಿತು. 2006ರಲ್ಲಿ ಅಪಾಯದ ಪಟ್ಟಿಯಿಂದ ಹೆಸರು ತೆಗೆಯಲಾಯಿತು. 2009ರಲ್ಲಿ ಆ ಸೇತುವೆ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ನದಿ ದಾಟಲು ದಾರಿ ಬೇಕೆಂಬ ಹಳ್ಳಿಗರ ಬೇಡಿಕೆ ನ್ಯಾಯವಾದುದೇ ಆಗಿತ್ತು. ಸ್ಥಳದ ಆಯ್ಕೆಗೆ ಮುನ್ನವೇ ಪುರಾತತ್ವಜ್ಞರನ್ನೂ ಗ್ರಾಮಸ್ಥರನ್ನೂ ಒಟ್ಟಿಗೆ ಕೂರಿಸಿ ಕೇಳುವುದೇ ಇಂತಹ ಸಂಕಟಕ್ಕೆ ಪರಿಹಾರ.

2010ರ ತಿದ್ದುಪಡಿಯಂತೆ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ. ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಪಟ್ಟಿಯಲ್ಲಿಲ್ಲದ ಏರಿಗೆ, ಗುಡ್ಡದ ಬಂಡೆಚಿತ್ರಕ್ಕೆ ಈ ರಕ್ಷಣೆಯಿಲ್ಲ. ಕಲ್ಲುಗಣಿ ಮೊದಲು ನುಂಗುವುದು ಇವುಗಳನ್ನೇ.

ಆದುದರಿಂದ ವಿದ್ಯಾರ್ಥಿಗಳು ಈ ವೃತ್ತಿಯನ್ನು ಆರಿಸಿಕೊಳ್ಳಲಿ. ಅಲ್ಲಿಯವರೆಗೆ ಪ್ರತಿಯೊಂದು ಊರೂ ತನ್ನ ಕೆರೆ, ವೀರಗಲ್ಲು, ಶಾಸನ, ಗುಡ್ಡಗಳ ಪಟ್ಟಿಯನ್ನು ಸರ್ವೆ ನಂಬರಿನೊಡನೆ ಬರೆದು ಗ್ರಾಮ ಪಂಚಾಯಿತಿಯಲ್ಲಿ ಇರಿಸಲಿ. ಹೆಸರಿಲ್ಲದ ಗುಡ್ಡ ಕರಗಿಹೋದಾಗ ಅದು ಅಲ್ಲಿತ್ತೆಂದು ಹೇಳಲು ಸಾಕ್ಷಿಯೂ ಉಳಿಯುವುದಿಲ್ಲ.