ಹಾಡು ಉಳಿಸುವುದೂ ಹೋರಾಟವೆ

(ವಿದ್ಯಾರ್ಥಿ ನಿಲಯದ ಸಭೆಯಲ್ಲಿ ಆಡಿದ ಮಾತು)



ಸಂಗೀತ ಜನರನ್ನು ಒಂದು ಮಾಡುತ್ತೆ ಅಂತ ಎಲ್ಲರೂ ಹೇಳ್ತಾರೆ. ನಮಗೆ ಇದರಲ್ಲಿ ಅನುಮಾನ ಇದೆ. ಊರ ಹಬ್ಬಕ್ಕೆ ನಮ್ಮ ತಮಟೆ ಬೇಕು, ಬಡಿಯುವವನು ಮಾತ್ರ ಗುಡಿಯ ಹೊರಗೇ ನಿಲ್ಲಬೇಕು. ಅಮೆರಿಕದಲ್ಲೂ ಹೀಗೇ ಇತ್ತು. 1920ರ ದಶಕದಲ್ಲಿ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿ ನುಡಿಸುವವರು ಕಪ್ಪು ಜನ, ಕೂತು ಕೇಳುವವರು ಬಿಳಿಯರು. ಸಂಗೀತ ಇತ್ತು, ಸಮಾನತೆ ಇರಲಿಲ್ಲ.

ಹಾಗಾದರೆ ಯಾವ ಸಂಗೀತ ಒಂದು ಮಾಡುತ್ತೆ? ಜಾಝ್ ಸಂಗೀತಗಾರ ಚಾರ್ಲ್ಸ್ ಮಿಂಗಸ್‌ನ ಕಥೆ ಕೇಳಿ. 1922ರಲ್ಲಿ ಹುಟ್ಟಿ, ಲಾಸ್ ಏಂಜಲೀಸಿನ ವಾಟ್ಸ್‌ನಲ್ಲಿ ಬೆಳೆದವನು. ಹುಡುಗನಿದ್ದಾಗ ಚೆಲ್ಲೊ ಕಲಿತ. ಬಿಳಿಯರ ವಾದ್ಯಗೋಷ್ಠಿಗಳಲ್ಲಿ ಕಪ್ಪು ಹುಡುಗನಿಗೆ ಜಾಗ ಎಲ್ಲಿ? ಆಳೆತ್ತರದ ಬಾಸ್ ಹಿಡಿದ.

1957ರಲ್ಲಿ ಲಿಟಲ್ ರಾಕ್ ಪಟ್ಟಣದ ಬಿಳಿಯರ ಹೈಸ್ಕೂಲಿಗೆ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಸೇರಲು ಹೋದರು. ಗವರ್ನರ್ ಫಾಬಸ್ ಬಂದೂಕಿನ ಪಡೆ ನಿಲ್ಲಿಸಿ ತಡೆದ. ಮಿಂಗಸ್ ಆ ಗವರ್ನರನನ್ನೇ ಗೇಲಿ ಮಾಡುವ ಕೃತಿ ಕಟ್ಟಿದ. 1959ರ ರೆಕಾರ್ಡಿನಲ್ಲಿ ಬರೀ ವಾದ್ಯ. 1960ರದರಲ್ಲಿ ಮಾತೂ ಸೇರಿತು. ಮಿಂಗಸ್ ಕೂಗಿ ಕೇಳ್ತಾನೆ, ಡ್ರಮ್ಮಿನ ಡ್ಯಾನಿ ರಿಚ್ಮಂಡ್ ಉತ್ತರ ಕೊಡ್ತಾನೆ. ನಮ್ಮ ಜಾಥಾದಲ್ಲಿ ಒಬ್ಬ ಎತ್ತಿಕೊಟ್ಟರೆ ಎಲ್ಲರೂ ಸೊಲ್ಲು ಹಿಡಿಯುವ ಹಾಗೆ.

ಅವನ ತಂಡದಲ್ಲಿ ಕಪ್ಪು ಜನರೂ ಇದ್ದರು, ಬಿಳಿಯರೂ ಇದ್ದರು. ಎಷ್ಟೋ ಸಲ ಕಾಗದ ಕೊಡದೆ ಬಾಯಲ್ಲೇ ಹಾಡಿ ಕಲಿಸುತ್ತಿದ್ದ. ಪ್ರತಿಯೊಬ್ಬನೂ ತನ್ನದನ್ನು ಸೇರಿಸಬೇಕಿತ್ತು. ಮಿಂಗಸ್ ಮಹಾ ಸಿಟ್ಟಿನವನು, ದೇವರೇನಲ್ಲ. ಆದರೂ ಒಂದಾಗುವುದು ಅಂದರೆ ಇದೇ: ಚಪ್ಪಾಳೆ ಹೊಡೆಯುವುದಲ್ಲ, ವೇದಿಕೆ ಹಂಚಿಕೊಳ್ಳುವುದು.

1962ರಲ್ಲಿ ನ್ಯೂಯಾರ್ಕಿನ ಟೌನ್ ಹಾಲಿನಲ್ಲಿ ಒಂದು ದೊಡ್ಡ ಕೃತಿ ನುಡಿಸಲು ಹೊರಟ. ಬರೆದು ಮುಗಿದಿರಲಿಲ್ಲ, ವೇದಿಕೆಯ ಮೇಲೇ ಸ್ವರಗಳನ್ನು ನಕಲು ಮಾಡುತ್ತಿದ್ದರು. ಕಛೇರಿ ಕೆಟ್ಟಿತು. ಕೊನೆಗೆ ಸ್ನಾಯುಗಳ ಕಾಯಿಲೆ ಬಂದು ಕೈ ಸೋತಾಗ ಟೇಪ್ ರೆಕಾರ್ಡರಿಗೆ ಹಾಡಿ ಹೊಸ ಕೃತಿ ಕಟ್ಟಿದ. 1979ರಲ್ಲಿ ತೀರಿಕೊಂಡ. ಬೂದಿಯನ್ನು ಹೆಂಡತಿ ಸೂ ನಮ್ಮ ಗಂಗೆಯಲ್ಲಿ ಬಿಟ್ಟಳು.

ಆದರೆ ಕಾಗದಗಳನ್ನು ನೀರಿಗೆ ಬಿಡಲಿಲ್ಲ, ನೋಡಿ! ಅವನ್ನು ಒಪ್ಪ ಮಾಡುವಾಗ ಆ ದೊಡ್ಡ ಕೃತಿಯ ಹಾಳೆಗಳು ಸಿಕ್ಕವು. 1989ರಲ್ಲಿ 30 ಮಂದಿ ಸೇರಿ ಎರಡು ಗಂಟೆಗೂ ಹೆಚ್ಚು ಕಾಲ ಅದನ್ನು ನುಡಿಸಿದರು. 1993ರಲ್ಲಿ ಅವನ ಕಾಗದಗಳು ಅಮೆರಿಕದ ಸಂಸತ್ತಿನ ಗ್ರಂಥಾಲಯ ಸೇರಿದವು. ಸೂ ವಾದ್ಯತಂಡಗಳನ್ನೂ ಕಟ್ಟಿದಳು. ಪೆಟ್ಟಿಗೆಯಲ್ಲಿ ಇಟ್ಟರೆ ಕಾಗದ ಉಳಿಯುತ್ತೆ, ನುಡಿಸಿದರೆ ಮಾತ್ರ ಸಂಗೀತ ಉಳಿಯುತ್ತೆ.

1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಪಡೆದರು. ನಾವು ಈ ಕೆಲಸವನ್ನೂ ಪಡೆಯೋಣ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಅಚ್ಚಾಯಿತು, ಉಳಿಯಿತು. ನಮ್ಮ ಅವ್ವಂದಿರು ನಾಟಿ ಗದ್ದೆಯಲ್ಲಿ ಹಾಡಿದ್ದು? ತಾತಂದಿರ ತಮಟೆಯ ಗತ್ತುಗಳು?

ಈ ರಜೆಯಲ್ಲಿ ಊರಿಗೆ ಹೋದಾಗ ಒಂದು ನೋಟ್‌ಬುಕ್ ಒಯ್ಯಿರಿ. ಫೋನಿನಲ್ಲಿ ದನಿ ಹಿಡಿಯಿರಿ. ಹಾಡಿನ ಕೆಳಗೆ ಹಾಡಿದವರ ಹೆಸರು, ಕೇರಿ, ತಾರೀಖು ಬರೆಯಿರಿ. ‘ಜನಪದ’ ಅಂತ ಬರೆದು ಹೆಸರು ನುಂಗಬೇಡಿ. ತಿರುಗಿ ಬಂದು ಹಾಸ್ಟೆಲಿನಲ್ಲಿ ಎಲ್ಲರೂ ಕೂಡಿ ಹಾಡಿ. ಹೊರಗಿನವರು ಬಂದರೆ ಬರಲಿ, ಪಕ್ಕದಲ್ಲಿ ಕೂತು ಸೊಲ್ಲು ಹಿಡಿಯಲಿ.