ಮಂದ್ರದ ತಂತಿಯೂ ಕಾಲಡಿಯ ಪೆಡಲೂ
(ಲೋಧಿ ಕಾಲೋನಿಯ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ರಾಕ್ ಸಂಗೀತದ ಮಾತೇಕೆ ಎಂದು ಹಿರಿಯರು ಕೇಳಬಹುದು. ಕಾರಣವುಂಟು. ನಮ್ಮ ಕಾಲೋನಿಯ ಹುಡುಗರು ಶಿಶುನಾಳ ಶರೀಫಸಾಹೇಬರ ಗುಡುಗುಡಿಯ ಪದವನ್ನು ಕಲಿತದ್ದು ಭಜನೆಯ ಮನೆಯಲ್ಲಲ್ಲ, ರಘು ದೀಕ್ಷಿತರ 2008ರ ಧ್ವನಿಮುದ್ರಿಕೆಯಿಂದ. ಅದನ್ನು ಈ ವೇದಿಕೆಯಲ್ಲಿ ಗಿಟಾರು, ಬೇಸ್ ಗಿಟಾರುಗಳೊಡನೆ ಹಾಡಬೇಕೆಂಬುದು ಅವರ ಹಂಬಲ. ಗದ್ದಲದಲ್ಲಿ ಕನ್ನಡವೇ ಕೇಳಿಸುವುದಿಲ್ಲವಲ್ಲ ಎಂಬುದು ಹಿರಿಯರ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿದೆ; ಆದರೆ ಉಪಾಯವೂ ಇದೆ.

ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕೇ ತಂತಿ. ಅವುಗಳಲ್ಲಿ ಅತಿ ಮಂದ್ರದ್ದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಸಣ್ಣ ಧ್ವನಿವರ್ಧಕಕ್ಕೆ ಆ ಸ್ವರವನ್ನು ಹೊರಡಿಸುವ ಶಕ್ತಿಯಿಲ್ಲ. ಆದ್ದರಿಂದ ವಾದಕನು ಕಾಲಿನಿಂದ ಒತ್ತುವ ಪೆಡಲೊಂದನ್ನಿಟ್ಟುಕೊಂಡು ನಾದವನ್ನು ತುಸು ಒರಟು ಮಾಡುತ್ತಾನೆ. ಒರಟಾದೊಡನೆ ಮೇಲಿನ ಉಪಸ್ವರಗಳು ಹುಟ್ಟಿ ತಂತಿ ಕಿವಿಗೆ ಬೀಳುತ್ತದೆ. ತಂಬೂರಿಯ ಕುದುರೆಯ ಮೇಲೆ, ತಂತಿಯಡಿಗೆ ಹತ್ತಿಯ ಎಳೆ ಸರಿಸಿ ಜೀವಾಳಿ ತರುವುದು ಮತ್ತೇನು?

ಪಶ್ಚಿಮದಲ್ಲಿ ಈ ಒರಟುನಾದಕ್ಕೆ ಹೆಸರು ತಂದದ್ದು ಒಂದು ಕೆಟ್ಟ ಯಂತ್ರ. 1961ರಲ್ಲಿ ಹೊರಬಂದ ಮಾರ್ಟಿ ರಾಬಿನ್ಸರ ಹಾಡೊಂದಕ್ಕೆ ಗ್ರೇಡಿ ಮಾರ್ಟಿನ್ ಆರು ತಂತಿಯ ಬೇಸ್ ನುಡಿಸಿದಾಗ ಧ್ವನಿಮುದ್ರಣದ ಉಪಕರಣ ಕೆಟ್ಟು ಸ್ವರ ಗೊರಗೊರ ಎಂದಿತು. ಜನ ಮೆಚ್ಚಿದರು. 1962ರಲ್ಲಿ ಅದೇ ಗೊರಗೊರಕ್ಕೆ ಮಾಸ್ಟ್ರೋ ಪೆಡಲು ಬಂದಿತು. 1965ರಲ್ಲಿ ಕೀತ್ ರಿಚರ್ಡ್ಸ್ ಅದನ್ನು ಲೋಕಪ್ರಸಿದ್ಧ ಮಾಡಿದರು. ಮೆಟಾಲಿಕಾದ ಕ್ಲಿಫ್ ಬರ್ಟನ್ 1983ರಲ್ಲಿ ನುಡಿಸಿದ ಬೇಸಂತೂ ಗಿಟಾರೇ ಎಂಬ ಭ್ರಮೆ ಹುಟ್ಟಿಸುತ್ತದೆ. 2011ರ ಅಕ್ಟೋಬರ್ 28ರಂದು ಆ ತಂಡದ ಕಚೇರಿ ನಮ್ಮ ಪಕ್ಕದ ಗುರುಗಾಂವದಲ್ಲಿ ನಡೆಯಬೇಕಾಗಿದ್ದು ರದ್ದಾಯಿತು. 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಾಂಗವಾಗಿ ಜರುಗಿತು. ಊರಿನವರ ಅದೃಷ್ಟ!

ಆದರೆ ನಮ್ಮ ಹುಡುಗರಿಗೆ ಬರ್ಟನ್ನನಿಗಿಂತ ದಿಲ್ಲಿಯವರೇ ಆದ ರಾಹುಲ್ ರಾಮ್ ಹತ್ತಿರದ ಗುರು. 1990ರಲ್ಲಿ ಇಲ್ಲಿಯೇ ಹುಟ್ಟಿದ ಇಂಡಿಯನ್ ಓಷನ್ ತಂಡದಲ್ಲಿ ಅವರು ಬೇಸ್ ಹಿಡಿದೇ ಹಾಡುವವರು. ಹಾಡುವವನ ಕೈಯಲ್ಲಿ ಬೇಸಿದ್ದರೆ ಅದು ಮಾತನ್ನು ಮೆಟ್ಟುವುದಿಲ್ಲ.

ಇನ್ನು ಉಪಾಯ. ಒರಟುನಾದದ ಉಪಸ್ವರಗಳು ಬಂದು ಕೂಡುವುದು ಮನುಷ್ಯಕಂಠದ ಜಾಗದಲ್ಲಿಯೇ. ಪದಗಳು ಮಸುಕಾಗುವುದು ಅದರಿಂದ. ಆದ್ದರಿಂದ ಸಾಹಿತ್ಯ ನಡೆಯುವಾಗ ಆ ಪೆಡಲು ಮುಚ್ಚಿರಲಿ, ನಡುವಣ ವಾದ್ಯಭಾಗದಲ್ಲಿ ತೆರೆಯಲಿ. ಗಿಟಾರಿಗೆಂದು ಮಾಡಿದ ಎಷ್ಟೋ ಪೆಡಲುಗಳು ಮಂದ್ರವನ್ನು ನುಂಗಿಬಿಡುತ್ತವೆ. ಶುದ್ಧನಾದವನ್ನೂ ಬೆರೆಸುವ ತಿರುಪು ಇದೆಯೇ ಎಂದು ಅಂಗಡಿಯಲ್ಲಿ ಕೇಳಿಯೇ ಕೊಳ್ಳತಕ್ಕದ್ದು. ಜೊತೆಗೆ ಏರಿಳಿತಗಳನ್ನು ಸಮಮಾಡುವ ಕಂಪ್ರೆಸರ್ ಒಂದಿದ್ದರೆ ಸಾಕು. ಎರಡು ಪೆಟ್ಟಿಗೆಯ ಮೇಲೆ ಮೂರನೆಯದಕ್ಕೆ ಸಂಘದ ಹಣ ಬೇಡ. ಇದನ್ನು ಬ್ಯಾಂಕಿನ ಗುಮಾಸ್ತರ ಜಿಪುಣತನವೆಂದರೂ ಸರಿಯೇ. ಪ್ರತಿಧ್ವನಿಯ ಪೆಡಲಂತೂ ಬೇಡವೇ ಬೇಡ. ಆ ಕೆಲಸವನ್ನು ಈ ಸಭಾಂಗಣದ ಗೋಡೆಗಳು ಧರ್ಮಾರ್ಥವಾಗಿ ಮಾಡುತ್ತಿವೆ.

ಬರುವ ಭಾನುವಾರ ಹುಡುಗರ ತಾಲೀಮು. ಆಕ್ಷೇಪವೆತ್ತಿದ ಹಿರಿಯರು ದಯಮಾಡಿಸಿ ಕಡೆಯ ಸಾಲಿನಲ್ಲಿ ಕುಳ್ಳಿರಬೇಕೆಂದು ನಮ್ಮ ಬಿನ್ನಹ. ಶರೀಫಸಾಹೇಬರ ಒಂದು ಪದ ತಿಳಿಯದೆ ಹೋದರೂ ಕೈ ಎತ್ತಿರಿ. ಹುಡುಗ ಪೆಡಲು ಮುಚ್ಚಿ, ಆ ಸಾಲನ್ನು ಮೊದಲಿನಿಂದ ನುಡಿಸುತ್ತಾನೆ.